ಸರಕು ದೊಡ್ಡದು, ಹುಕುಂ ಚಿಕ್ಕದು

ಮೂವತ್ತು ಜಿಬಿ ತೂಗುವ ವೆಬ್‌ಸೈಟ್ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗಬೇಕು. ಅದರ ಒಡೆಯ ಕೂತಿರುವುದು ಜೋಯಿಡಾದ ಕಾಡಂಚಿನಲ್ಲಿ. ಮೊಬೈಲಿನಲ್ಲಿ ಸಿಗ್ನಲ್ ಒಂದೇ ಕಡ್ಡಿ. ಒಂದು ದಾರಿ ಹಿಡಿದರೆ 40 ತಾಸು, ಇನ್ನೊಂದು ದಾರಿ ಹಿಡಿದರೆ 40 ನಿಮಿಷ. ಆ ಎರಡನೇ ದಾರಿ ಐವತ್ತು ವರ್ಷ ಹಳೆಯದು. ಅದರ ಮೊದಲ ಕರಡು ಬರೆದವರು ಭಾರತೀಯರು!

ಮಳೆಗಾಲ ಹಿಂದೆ ಸರಿದಿದೆ. ಗಣೇಶಗುಡಿಯಲ್ಲಿ ಬೆಳಗಿನ ಹೊತ್ತು. ಲೈಫ್ ಜಾಕೆಟ್ ತೊಟ್ಟ ಪ್ರವಾಸಿಗರು ಕಾಳಿ ನದಿಯ ದಂಡೆಯಲ್ಲಿ ನೀರಿಗಾಗಿ ಕಾಯುತ್ತಿದ್ದಾರೆ. ಸೂಪಾ ಅಣೆಕಟ್ಟೆಯ ವಿದ್ಯುದಾಗಾರದಲ್ಲಿ ಯಂತ್ರ ತಿರುಗಿದರಷ್ಟೇ ಕೆಳಗೆ ರಾಫ್ಟಿಂಗ್‌ಗೆ ಸಾಕಾಗುವಷ್ಟು ನೀರು. ನೀರು ಬಂತು. ರಬ್ಬರ್ ದೋಣಿಗಳು ಇಳಿದವು. ಕೇಕೆ, ಕಿರುಚಾಟ. ಹೆಲ್ಮೆಟ್ಟಿಗೆ ಕಟ್ಟಿದ ಕ್ಯಾಮೆರಾ ಎಲ್ಲವನ್ನೂ ಹಿಡಿದಿಟ್ಟುಕೊಂಡಿತು.

ದಂಡೆ ಹತ್ತಿದ ಮೇಲೆ ಮತ್ತೊಂದು ಕಾಯುವಿಕೆ ಶುರು. ಒಂದು ನಿಮಿಷದ ಒಳ್ಳೆಯ ವಿಡಿಯೊ ಎಂದರೆ ನೂರಾರು ಎಂಬಿ. ಸ್ಟೇಟಸ್‌ಗೆ ಹಾಕಲು ಹೋದವರ ಮೊಬೈಲಿನಲ್ಲಿ ಅಪ್‌ಲೋಡ್ ಗೆರೆ ಒಂದಿಷ್ಟು ಸರಿದು ನಿಂತುಬಿಡುತ್ತದೆ. ಮೊಬೈಲ್ ಮೇಲೆತ್ತಿ ಹಿಡಿದು ರಸ್ತೆಯತ್ತ ನಡೆಯುವವರು ಕೆಲವರು. ಬೆಂಗಳೂರಿಗೆ ಹೋದ ಮೇಲೆ ಹಾಕಿದರಾಯಿತು ಎಂದು ಜೇಬಿಗಿಳಿಸುವವರು ಹಲವರು.

ಪ್ರವಾಸಿಗೆ ಬೆಂಗಳೂರಿದೆ. ಹೋಮ್‌ಸ್ಟೇ ಇಟ್ಟುಕೊಂಡವರು ಎಲ್ಲಿಗೆ ಹೋಗಬೇಕು?

ದಾಂಡೇಲಿ, ಜೋಯಿಡಾ ಸುತ್ತಿನ ಹೋಮ್‌ಸ್ಟೇಗಳ ಬುಕಿಂಗ್ ಈಗ ನಡೆಯುವುದೇ ನೆಟ್‌ನಲ್ಲಿ. ಕೋಣೆಗಳ ಫೋಟೊ, ಮಂಗಟ್ಟೆ ಹಕ್ಕಿಯ ಫೋಟೊ, ರಾಫ್ಟಿಂಗ್ ವಿಡಿಯೊ ಸೇರಿ ನಾಲ್ಕೈದು ವರ್ಷದಲ್ಲಿ ವೆಬ್‌ಸೈಟ್ ಮೂವತ್ತು ಜಿಬಿ ಮುಟ್ಟುವುದು ದೊಡ್ಡ ಮಾತಲ್ಲ. ಹಳಿಯಾಳದ ಎಂಜಿನಿಯರಿಂಗ್ ಕಾಲೇಜಿನ ಪಾಠದ ವಿಡಿಯೊ ಇರಲಿ, ಮುಂಡಗೋಡದ ಟಿಬೆಟನ್ ಮಠಗಳ ಪ್ರವಚನ ಇರಲಿ, ಜೋಯಿಡಾದ ಗೆಡ್ಡೆ ಗೆಣಸು ಮೇಳದ ಚಿತ್ರಗಳಿರಲಿ, ಎಲ್ಲಕ್ಕೂ ಎಲ್ಲೋ ಒಂದು ಸರ್ವರ್‌ನಲ್ಲಿ ಜಾಗ ಬೇಕು. ಆ ಜಾಗಕ್ಕೆ ವರ್ಷ ವರ್ಷ ಬಾಡಿಗೆ ಕಟ್ಟಬೇಕು.

ಮೊದಲ ವರ್ಷ ಅಗ್ಗ, ಎರಡನೇ ವರ್ಷ ದುಬಾರಿ ಎಂಬುದು ಹೋಸ್ಟಿಂಗ್ ವ್ಯಾಪಾರದ ಹಳೆಯ ಪದ್ಧತಿ. ಬಾಡಿಗೆ ಏರಿದಾಗ ಬೇರೆ ಕಂಪನಿಗೆ ಹೋಗೋಣ ಎನಿಸುತ್ತದೆ. ತಲೆನೋವು ಆಗ ಶುರುವಾಗುತ್ತದೆ.

ನಲವತ್ತು ತಾಸಿನ ಲೆಕ್ಕ

ಹೆಚ್ಚಿನವರಿಗೆ ಹೊಳೆಯುವ ದಾರಿ ಒಂದೇ. ಹಳೆಯ ಸರ್ವರ್‌ನಿಂದ ಎಲ್ಲವನ್ನೂ ತಮ್ಮ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುವುದು, ಆಮೇಲೆ ಹೊಸ ಸರ್ವರ್‌ಗೆ ಏರಿಸುವುದು.

ಮೂವತ್ತು ಜಿಬಿ ಎಂದರೆ 2,40,000 ಮೆಗಾಬಿಟ್. ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಇಳಿಸಲು 6 ತಾಸು 40 ನಿಮಿಷ ಬೇಕು. ಏರಿಸುವ ವೇಗ ಸಾಮಾನ್ಯವಾಗಿ ಇನ್ನೂ ಕಡಿಮೆ. ಅದು 2 ಮೆಗಾಬಿಟ್ ಎಂದಿಟ್ಟುಕೊಳ್ಳಿ, 33 ತಾಸು 20 ನಿಮಿಷ. ಕೂಡಿಸಿದರೆ ಸರಿಯಾಗಿ 40 ತಾಸು. ಇಷ್ಟೂ ಹೊತ್ತು ಕರೆಂಟ್ ಹೋಗಕೂಡದು, ಟವರ್ ಮಲಗಕೂಡದು, ಡೇಟಾ ಪ್ಯಾಕ್ ಮುಗಿಯಕೂಡದು. ಮಳೆಗಾಲದ ಜೋಯಿಡಾ ಬಲ್ಲವರು ಈ ಷರತ್ತು ಕೇಳಿ ನಕ್ಕಾರು.

ಈಗ ಇನ್ನೊಂದು ಲೆಕ್ಕ. ಹಳೆಯ ಸರ್ವರ್ ಮುಂಬೈನಲ್ಲಿದೆ, ಹೊಸದು ಸಿಂಗಪುರದಲ್ಲಿದೆ ಎನ್ನೋಣ. ಎರಡೂ ದೊಡ್ಡ ಡೇಟಾ ಸೆಂಟರ್‌ಗಳೊಳಗೆ ಕೂತಿವೆ. ಅವುಗಳ ಸಂಪರ್ಕ ಸಾಮಾನ್ಯವಾಗಿ ಸೆಕೆಂಡಿಗೆ ಸಾವಿರ ಮೆಗಾಬಿಟ್. ಹತ್ತಾರು ಗ್ರಾಹಕರು ಹಂಚಿಕೊಂಡು ನಮ್ಮ ಪಾಲಿಗೆ ಹತ್ತನೇ ಒಂದು ಭಾಗ ದಕ್ಕಿದರೂ ಮೂವತ್ತು ಜಿಬಿ ಹಾದುಹೋಗಲು 40 ನಿಮಿಷ ಸಾಕು.

ಅಂದಮೇಲೆ ಮುಂಬೈನಿಂದ ಸಿಂಗಪುರಕ್ಕೆ ಹೋಗಬೇಕಾದ ಸರಕು ಜೋಯಿಡಾದ ಮೂಲಕ ಸುತ್ತಿ ಬರುವುದೇಕೆ?

ಇದೇ ಕಾಳಿ ಕಣಿವೆಯಲ್ಲಿ ಬೊಮ್ಮನಹಳ್ಳಿ ಅಣೆಕಟ್ಟೆಯ ನೀರು ಸುರಂಗದೊಳಗೆ ಹರಿದು ನಾಗಝರಿ ವಿದ್ಯುದಾಗಾರ ಸೇರುತ್ತದೆ. ಗೇಟು ಎತ್ತುವ ನೌಕರ ಒಂದು ಕೊಡ ನೀರನ್ನೂ ಹೊರುವುದಿಲ್ಲ. ಸರ್ವರ್‌ನಿಂದ ಸರ್ವರ್‌ಗೆ ಫೈಲು ಕಳಿಸುವವರ ಕೆಲಸವೂ ಅಷ್ಟೇ. ಜೋಯಿಡಾದಿಂದ ಹೊರಡಬೇಕಾದದ್ದು ಒಂದು ಹುಕುಂ ಮಾತ್ರ. ಅದರ ತೂಕ ಒಂದು ವಾಟ್ಸ್ಯಾಪ್ ಸಂದೇಶಕ್ಕಿಂತ ಹೆಚ್ಚಿರುವುದಿಲ್ಲ.

ಐಐಟಿ ಕಾನ್ಪುರದಿಂದ ಬಂದ ಕರಡು

ಸರಕಿಗೊಂದು ದಾರಿ, ಹುಕುಮಿಗೊಂದು ದಾರಿ ಎಂಬ ಯೋಚನೆ ಇಂಟರ್‌ನೆಟ್‌ನ ಬಾಲ್ಯದಷ್ಟೇ ಹಳೆಯದು.

1971ರ ಏಪ್ರಿಲ್ 16ರಂದು ಅಮೆರಿಕದ ಎಂಐಟಿಯಲ್ಲಿದ್ದ ಅಭಯ್ ಭೂಷಣ್ ಒಂದು ಕರಡು ಹೊರತಂದರು. ಐಐಟಿ ಕಾನ್ಪುರದ ಮೊದಲ ತಂಡದ ಪದವೀಧರ ಅವರು. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಫೈಲು ಸಾಗಿಸಲು ಎರಡೂ ಕಡೆಯವರು ಒಪ್ಪುವ ನಿಯಮಗಳೇನು ಎಂಬುದೇ ಅದರ ವಿಷಯ. ಮುಂದೆ ಎಫ್‌ಟಿಪಿ ಎಂದು ಲೋಕಕ್ಕೆಲ್ಲ ಪರಿಚಯವಾದದ್ದು ಅದೇ.

ಮುಂದಿನ ಪರಿಷ್ಕರಣೆಗಳಲ್ಲಿ ಎಫ್‌ಟಿಪಿಗೆ ಎರಡು ಸಂಪರ್ಕಗಳಾದವು. ಇಂಥ ಫೈಲು ಕೊಡು, ಇಲ್ಲಿಡು ಎನ್ನುವ ಮಾತುಕತೆಗೆ ಒಂದು. ಫೈಲಿನ ಮೈ ಸಾಗಲು ಇನ್ನೊಂದು. 1985ರ ಅಕ್ಟೋಬರ್‌ನಲ್ಲಿ ಬಂದ ನಿಯಮಾವಳಿ ಇದರ ಇನ್ನೊಂದು ಬಳಕೆಯನ್ನು ಚಿತ್ರ ಬರೆದೇ ತೋರಿಸಿತು. ಬಳಕೆದಾರ ಎರಡು ಸರ್ವರ್‌ಗಳ ಜತೆ ಮಾತಾಡುತ್ತಾನೆ, ಸರಕು ಮಾತ್ರ ಆ ಎರಡು ಸರ್ವರ್‌ಗಳ ನಡುವೆ ನೇರವಾಗಿ ಹರಿಯುತ್ತದೆ. ಈ ಪದ್ಧತಿಗೆ ಬಳಕೆಯಲ್ಲಿ ಎಫ್‌ಎಕ್ಸ್‌ಪಿ ಎಂಬ ಹೆಸರು ಬಿತ್ತು.

ಇಷ್ಟು ಸೊಗಸಾದ ದಾರಿ ಇಂದು ಬಹುಪಾಲು ಸರ್ವರ್‌ಗಳಲ್ಲಿ ಮುಚ್ಚಿದೆ. ಕಾರಣ, ಕಳ್ಳರೂ ಅದೇ ದಾರಿ ಕಂಡುಕೊಂಡರು. ಫೈಲನ್ನು ಆ ವಿಳಾಸಕ್ಕೆ ಕಳಿಸು ಎಂದರೆ ಎಫ್‌ಟಿಪಿ ಸರ್ವರ್ ಹಿಂದೆಮುಂದೆ ನೋಡದೆ ಕಳಿಸುತ್ತಿತ್ತು. ಹಾಗಾಗಿ ಮೂರನೆಯವರ ಸರ್ವರ್‌ನ ಮರೆಯಲ್ಲಿ ನಿಂತು ಇನ್ಯಾರದೋ ಕಂಪ್ಯೂಟರ್‌ನ ಬಾಗಿಲು ತಟ್ಟುವುದು ಸುಲಭವಾಯಿತು. 1997ರ ಡಿಸೆಂಬರ್‌ನಲ್ಲಿ ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವ ಅಮೆರಿಕದ ಸರ್ಟ್ ಕೇಂದ್ರ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಹೋಸ್ಟಿಂಗ್ ಕಂಪನಿಗಳು ಒಂದೊಂದಾಗಿ ಬೀಗ ಹಾಕಿದವು.

ಎಫ್‌ಟಿಪಿಯ ಇನ್ನೊಂದು ದೌರ್ಬಲ್ಯ, ಪಾಸ್‌ವರ್ಡ್ ತೆರೆದ ಅಕ್ಷರಗಳಲ್ಲೇ ತಂತಿಯ ಮೇಲೆ ಹೋಗುತ್ತಿತ್ತು. 1995ರಲ್ಲಿ ಫಿನ್ಲೆಂಡ್‌ನ ವಿಶ್ವವಿದ್ಯಾಲಯವೊಂದರ ಜಾಲದಲ್ಲಿ ಪಾಸ್‌ವರ್ಡ್‌ಗಳು ಕಳುವಾದವು. ಅಲ್ಲಿನ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಬರೆದದ್ದು ಆ ಬಿಸಿಯಲ್ಲೇ. ದೂರದ ಕಂಪ್ಯೂಟರ್‌ನೊಳಗೆ ಗುಟ್ಟಾಗಿ ಕೂತು ಹುಕುಂ ಕೊಡುವ ಸಾಧನ ಅದು. ಇಂದು ಸರ್ವರ್ ಕೆಲಸ ಮಾಡುವವರ ದಿನ ಶುರುವಾಗುವುದೇ ಅದರಿಂದ.

---

ಬಾಕ್ಸ್: ಪಾರಿವಾಳ ಗೆದ್ದ ದಿನ

2009ರ ಸೆಪ್ಟೆಂಬರ್. ದಕ್ಷಿಣ ಆಫ್ರಿಕಾದಲ್ಲಿ ನಿಧಾನಗತಿಯ ಇಂಟರ್‌ನೆಟ್‌ನಿಂದ ಬೇಸತ್ತ ಕಂಪನಿಯೊಂದು ವಿನ್‌ಸ್ಟನ್ ಎಂಬ ಪಾರಿವಾಳದ ಕಾಲಿಗೆ 4 ಜಿಬಿ ಮೆಮೊರಿ ಕಾರ್ಡ್ ಕಟ್ಟಿ ಹಾರಿಸಿತು. ಸುಮಾರು 80 ಕಿ.ಮೀ. ದೂರವನ್ನು ಅದು ಒಂದು ತಾಸು ಎಂಟು ನಿಮಿಷದಲ್ಲಿ ಮುಟ್ಟಿತು. ಕಾರ್ಡಿನ ಮಾಹಿತಿ ಕಂಪ್ಯೂಟರ್‌ಗೆ ಇಳಿಯುವಷ್ಟರಲ್ಲಿ ಎರಡು ತಾಸು ದಾಟಿತ್ತು. ಅದೇ ಫೈಲನ್ನು ಅದೇ ಹೊತ್ತಿಗೆ ನೆಟ್‌ನಲ್ಲಿ ಕಳಿಸಲು ಹಚ್ಚಿದ್ದರು. ಅಲ್ಲಿ ತಲುಪಿದ್ದು ಶೇ 4ರಷ್ಟು!

---

ಕಡಿದಲ್ಲಿಂದಲೇ ಮುಂದಕ್ಕೆ

ಹಾಗಾದರೆ ಈಗಿನ ದಾರಿ ಯಾವುದು? ಹೊಸ ಸರ್ವರ್‌ನೊಳಗೆ ಎಸ್‌ಎಸ್‌ಎಚ್ ಮೂಲಕ ಹೋಗಿ ಕೂರುವುದು, ಹಳೆಯದರಿಂದ ಫೈಲು ಎಳೆದುಕೋ ಎಂದು ಅದಕ್ಕೇ ಹೇಳುವುದು. ಪರದೆ ಮೇಲೆ ಕಾಣುವ ನಾಲ್ಕಾರು ಸಾಲು ಅಕ್ಷರಗಳಷ್ಟೇ ನಮ್ಮ ಮೊಬೈಲ್ ಡೇಟಾದಲ್ಲಿ ಓಡಾಡುತ್ತವೆ. ಟೂಜಿ ಸಿಗ್ನಲ್ ಇದ್ದರೂ ನಡೆದೀತು.

ಎಳೆಯುವ ಸಾಧನಗಳಲ್ಲಿ ಎರಡು ಹೆಸರುವಾಸಿ. ಒಂದು ಡಬ್ಲ್ಯೂಗೆಟ್. ಕ್ರೊಯೇಶಿಯಾದ ಹ್ರವೊಯೆ ನಿಕ್ಷಿಚ್ ಇದನ್ನು 1996ರಲ್ಲಿ ಕೊಟ್ಟರು. ಫೈಲಿನ ವೆಬ್ ವಿಳಾಸ ಕೊಟ್ಟರೆ ಸಾಕು, ತಂದುಕೊಳ್ಳುತ್ತದೆ. ನಡುವೆ ಕಡಿದುಹೋದರೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತದೆ.

ಇನ್ನೊಂದು ಆರ್‌ಸಿಂಕ್. ಅದೇ ವರ್ಷದ ಜೂನ್‌ನಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಹೊರತಂದರು. ವೇಗ ಕಡಿಮೆ ಇರುವ ಸಂಪರ್ಕಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಜಾಣ ಉಪಾಯ ಇದು. ಎರಡೂ ಕಡೆಯ ಫೈಲನ್ನು ತುಂಡು ತುಂಡಾಗಿ ಹೋಲಿಸಿ, ಬದಲಾದ ತುಂಡನ್ನು ಮಾತ್ರ ಸಾಗಿಸುತ್ತದೆ. ನಿನ್ನೆ ಮೂವತ್ತು ಜಿಬಿ ಹೋಗಿದೆ, ಇಂದು ಹತ್ತು ಹೊಸ ಫೋಟೊ ಸೇರಿವೆ ಎಂದರೆ ಇಂದು ಹೋಗುವುದು ಆ ಹತ್ತೇ.

ಸರಿ, ಹುಕುಂ ಕೊಟ್ಟಾಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು, ವೈಫೈ ಸತ್ತಿತು. ನಾವು ಹೊರಬಿದ್ದ ಕೂಡಲೇ ಸರ್ವರ್ ಕೂಡ ಸಾಮಾನ್ಯವಾಗಿ ಕೆಲಸ ನಿಲ್ಲಿಸಿಬಿಡುತ್ತದೆ. ಇದಕ್ಕೂ ಮದ್ದಿದೆ. ಸ್ಕ್ರೀನ್ ಎಂಬ ತಂತ್ರಾಂಶ 1987ರಿಂದಲೇ ಇದೆ, ಟಿಮಕ್ಸ್ 2007ರಿಂದ. ಇವುಗಳೊಳಗೆ ಕೆಲಸ ಶುರು ಮಾಡಿದರೆ ನಾವಿರಲಿ ಬಿಡಲಿ, ಅದು ನಡೆಯುತ್ತಲೇ ಇರುತ್ತದೆ. ಹಳಿಯಾಳ ಪೇಟೆಗೆ ಹೋಗಿ ಬಂದು ಮತ್ತೆ ಲಾಗಿನ್ ಆದರೆ ಮುಗಿದ ಕೆಲಸ ಕಣ್ಣೆದುರಿಗಿರುತ್ತದೆ.

ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಎಸ್‌ಸಿಪಿ ಎಂಬ ಇನ್ನೊಂದು ಸಾಧನಕ್ಕೆ ಎರಡು ದೂರದ ಸರ್ವರ್‌ಗಳ ಹೆಸರು ಕೊಟ್ಟು ನಕಲು ಮಾಡು ಎನ್ನಬಹುದು. ಮೊದಲು ಅದು ಸರಕನ್ನು ನೇರವಾಗಿ ಸಾಗಿಸುತ್ತಿತ್ತು. 2021ರ ಆಗಸ್ಟ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.7ನೇ ಆವೃತ್ತಿಯಿಂದ ಭದ್ರತೆಯ ಕಾರಣಕ್ಕೆ ಪದ್ಧತಿ ಬದಲಾಯಿತು. ಬೇರೆ ಸೂಚನೆ ಕೊಡದಿದ್ದರೆ ಸರಕು ನಮ್ಮ ಕಂಪ್ಯೂಟರ್ ಹಾದೇ ಹೋಗುತ್ತದೆ. ಒಳ್ಳೆಯ ಫೈಬರ್ ಇರುವ ಊರಿನಲ್ಲಿ ಇದು ಗೊತ್ತೂ ಆಗದು. ಜೋಯಿಡಾದಲ್ಲಿ ಮಾತ್ರ 40 ನಿಮಿಷದ ಕೆಲಸಕ್ಕೆ ಮತ್ತೆ ಮೂವತ್ತಕ್ಕೂ ಹೆಚ್ಚು ತಾಸು ಹಿಡಿಯುತ್ತದೆ. ನೇರ ದಾರಿ ಬೇಕೆಂದರೆ ದೊಡ್ಡಕ್ಷರದ ಆರ್ ಎಂಬ ಸೂಚನೆಯನ್ನು ಸೇರಿಸಬೇಕು.

ಈ ಕರಿ ಪರದೆಯ ಸಹವಾಸವೇ ಬೇಡ ಎನ್ನುವವರಿಗೂ ದಾರಿಯಿದೆ. ಅನೇಕ ಹೋಸ್ಟಿಂಗ್ ಕಂಪನಿಗಳು ಕೊಡುವ ಸಿಪ್ಯಾನೆಲ್‌ನಲ್ಲಿ ಪೂರ್ತಿ ಬ್ಯಾಕಪ್ ತೆಗೆಯುವ ಪುಟವಿರುತ್ತದೆ. ಬ್ಯಾಕಪ್ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ದೂರದ ಎಫ್‌ಟಿಪಿ ಸರ್ವರ್ ಎಂದೋ ಎಸ್‌ಸಿಪಿ ಎಂದೋ ಆರಿಸಿ ಹೊಸ ಸರ್ವರ್‌ನ ವಿವರ ತುಂಬಿದರೆ ಸರಕು ಅಲ್ಲಿಂದಲ್ಲಿಗೇ ಹೋಗುತ್ತದೆ. ಮೊಬೈಲ್ ಬ್ರೌಸರ್‌ನಲ್ಲೂ ಆಗುವ ಕೆಲಸ.

---

ಬಾಕ್ಸ್: ಸಾಗಿಸುವ ಮುನ್ನ, ಸಾಗಿಸಿದ ಮೇಲೆ

● ಫೋಟೊ, ವಿಡಿಯೊಗಳನ್ನು ಜಿಪ್ ಮಾಡಿದರೆ ಗಾತ್ರ ಹೆಚ್ಚೇನೂ ಇಳಿಯದು. ಅವು ಮೊದಲೇ ಕುಗ್ಗಿಸಿದ ಫೈಲುಗಳು. ಸಾವಿರಾರು ಸಣ್ಣ ಫೈಲುಗಳನ್ನು ಒಂದೇ ಗಂಟು ಮಾಡಿದರೆ ಸಾಗಣೆ ಬೇಗ ಮುಗಿಯುತ್ತದೆ, ಲಾಭ ಅಷ್ಟೇ.

● ಹಳೆಯ ಸರ್ವರ್‌ನಲ್ಲಿ ಆ ಗಂಟು ಇಡುವಷ್ಟು ಖಾಲಿ ಜಾಗ ಇದೆಯೇ ನೋಡಿಕೊಳ್ಳಿ.

● ಎರಡೂ ಕಡೆ ಫೈಲಿನ ಬೆರಳಚ್ಚಿನಂತಿರುವ ಚೆಕ್‌ಸಮ್ ತೆಗೆಯಿರಿ. ಎಸ್‌ಎಚ್‌ಎ-256 ಕೊಡುವ 64 ಅಕ್ಷರಗಳು ಎರಡೂ ಕಡೆ ಒಂದೇ ಆಗಿದ್ದರೆ ಫೈಲು ಮುಕ್ಕಾಗಿಲ್ಲ ಎಂದರ್ಥ.

● ಡಬ್ಲ್ಯೂಗೆಟ್‌ಗಾಗಿ ಎಲ್ಲರಿಗೂ ಕಾಣುವ ಫೋಲ್ಡರ್‌ನಲ್ಲಿಟ್ಟ ಬ್ಯಾಕಪ್ಪನ್ನು ಕೆಲಸ ಮುಗಿದ ತಕ್ಷಣ ಅಳಿಸಿ. ಅದರೊಳಗೆ ನಿಮ್ಮ ಡೇಟಾಬೇಸ್‌ನ ಪಾಸ್‌ವರ್ಡ್ ಇರುತ್ತದೆ.

● ವೆಬ್‌ಸೈಟ್ ಹೆಸರನ್ನು ಸರ್ವರ್ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್‌ನ ಟಿಟಿಎಲ್ ಅವಧಿಯನ್ನು ಒಂದೆರಡು ದಿನ ಮೊದಲೇ 300 ಸೆಕೆಂಡಿಗೆ ಇಳಿಸಿ. ವಿಳಾಸ ಬದಲಾದದ್ದು ಬೇಗ ಹರಡುತ್ತದೆ.

● ಹಳೆಯ ಖಾತೆಯನ್ನು ಅಂದೇ ಮುಚ್ಚಬೇಡಿ. ಇಮೇಲ್ ಅಲ್ಲೇ ಉಳಿದಿರಬಹುದು.

---

ಪುಸ್ತಕಗಳೂ ಮನೆ ಬದಲಿಸಿದವು

ಮೂವತ್ತು ಜಿಬಿ ಬಿಡಿ, ಲಕ್ಷಗಟ್ಟಲೆ ಪುಸ್ತಕಗಳು ಹೀಗೆ ಮನೆ ಬದಲಿಸಿದ ಕಥೆ ನಮ್ಮಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳ್ತನದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ನೆಟ್‌ಗೆ ಹಾಕಿತ್ತು. ಅವುಗಳಲ್ಲಿ ಕನ್ನಡದ ಪುಸ್ತಕಗಳೂ ಇದ್ದವು. ಆ ತಾಣ ಆಗಾಗ ಕೈಕೊಡುತ್ತಿತ್ತು. ಕೊನೆಗೆ ಬಾಗಿಲನ್ನೂ ಹಾಕಿತು.

ಅಷ್ಟರಲ್ಲಿ ಅಮೆರಿಕದ ಕಾರ್ಲ್ ಮಲಮುದ್ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಪ್ರತಿಯನ್ನು ಆ ಸರ್ವರ್‌ಗಳಿಂದ ಇಂಟರ್‌ನೆಟ್ ಆರ್ಕೈವ್‌ಗೆ ದಾಟಿಸಿದ್ದರು. ಇಂದು ಅಚ್ಚಿನಲ್ಲಿ ಸಿಗದ ಕನ್ನಡ ಪುಸ್ತಕವೊಂದನ್ನು ಹಳಿಯಾಳದ ವಿದ್ಯಾರ್ಥಿ ಮೊಬೈಲಿನಲ್ಲಿ ತೆರೆದರೆ, ಅದು ಹೀಗೆ ಸರ್ವರ್‌ನಿಂದ ಸರ್ವರ್‌ಗೆ ವಲಸೆ ಹೋಗಿ ಉಳಿದುಕೊಂಡ ಪುಸ್ತಕವಾಗಿರುವ ಸಾಧ್ಯತೆ ಬಹಳ.

ಗ್ರಂಥಗಳ ವಲಸೆ ಮುಂಡಗೋಡಕ್ಕೂ ಹೊಸದಲ್ಲ. 1959ರಲ್ಲಿ ಟಿಬೆಟ್ ತೊರೆದವರು ಹೊರಲಾದಷ್ಟು ಗ್ರಂಥಗಳನ್ನು ಹಿಮಾಲಯ ದಾಟಿಸಿ ತಂದರು. 1966ರಲ್ಲಿ ಮುಂಡಗೋಡದ ವಸಾಹತು ಶುರುವಾಯಿತು. ಲ್ಹಾಸಾ ಬಳಿಯ ಗಾಡೆನ್, ಡ್ರೆಪುಂಗ್ ಮಠಗಳು ಇಲ್ಲಿ ಮತ್ತೆ ತಲೆಯೆತ್ತಿದವು. ಆ ಗ್ರಂಥಗಳಿಗೆ ಕಂಪ್ಯೂಟರ್ ರೂಪ ಕೊಡುವ ಕೆಲಸ 1980ರ ದಶಕದ ಕೊನೆಗೆ ಕರ್ನಾಟಕದ ಇನ್ನೊಂದು ವಸಾಹತು ಬೈಲುಕುಪ್ಪೆಯಲ್ಲಿ ನಡೆಯಿತು. ಸೆರಾ ಮೇ ಮಠದಲ್ಲಿ ಭಿಕ್ಷುಗಳು ಕೂತು ಒಂದೊಂದೇ ಪುಟ ಟೈಪ್ ಮಾಡಿದರು. ಆ ಕಾಲಕ್ಕೆ ಅವು ಊರೂರು ಸುತ್ತಿದ್ದು ಫ್ಲಾಪಿಗಳಲ್ಲಿ.

1999ರಲ್ಲಿ ಟಿಬೆಟನ್ ಗ್ರಂಥಗಳ ಡಿಜಿಟಲ್ ಭಂಡಾರ ಕಟ್ಟಿದ ಅಮೆರಿಕದ ವಿದ್ವಾಂಸ ಜೀನ್ ಸ್ಮಿತ್, ಸ್ಕ್ಯಾನ್ ಆದ ಸಾವಿರಾರು ಸಂಪುಟಗಳನ್ನು ಹಾರ್ಡ್ ಡಿಸ್ಕ್‌ಗಳಲ್ಲಿ ತುಂಬಿ ಭಾರತ, ನೇಪಾಳದ ಮಠಗಳಿಗೆ ಮುಟ್ಟಿಸಿದರು. ನೆಟ್ ಸಾಲದ ಕಡೆ ಕೈಯಲ್ಲಿ ಹಿಡಿದು ಹೋಗುವುದೇ ವೇಗದ ದಾರಿ.

---

ಬಾಕ್ಸ್: ಧಾರವಾಡ ಬಸ್ಸಿನ ವೇಗ

ದಾಂಡೇಲಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಎರಡು ತಾಸು ಎಂದಿಟ್ಟುಕೊಳ್ಳಿ. ನಿಮ್ಮ ಚೀಲದಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಇದ್ದರೆ ಆ ಬಸ್ಸು ಸೆಕೆಂಡಿಗೆ 1,100 ಮೆಗಾಬಿಟ್‌ಗೂ ಹೆಚ್ಚು ವೇಗದಲ್ಲಿ ದತ್ತಾಂಶ ಸಾಗಿಸುತ್ತಿದೆ. ಅಮೆಜಾನ್ ಕಂಪನಿ 2016ರಲ್ಲಿ ಇದೇ ತರ್ಕ ಹಿಡಿದು ಲಾರಿಯನ್ನೇ ಬಿಟ್ಟಿತ್ತು. ಸ್ನೋಮೊಬೈಲ್ ಹೆಸರಿನ ಆ ಕಂಟೇನರ್ ಲಾರಿ 100 ಪೆಟಾಬೈಟ್, ಅಂದರೆ ಒಂದು ಲಕ್ಷ ಟಿಬಿ ಹೊರುತ್ತಿತ್ತು. ಈಗ ಆ ಸೇವೆ ನಿಂತಿದೆ.

---

ನಿಮ್ಮ ಫೋಟೊಗಳಿಗೂ ಇದೇ ಮಾತು

ನನಗೆ ವೆಬ್‌ಸೈಟೇ ಇಲ್ಲ, ಇದೆಲ್ಲ ಯಾಕೆ ಎನ್ನುವವರು ತಮ್ಮ ಫೇಸ್‌ಬುಕ್ ಆಲ್ಬಂ ನೋಡಿಕೊಳ್ಳಲಿ. ಹತ್ತು ವರ್ಷದ ಜಾತ್ರೆ, ಮದುವೆ, ಮಕ್ಕಳ ಚಿತ್ರ ಅಲ್ಲಿವೆ. ಅವನ್ನು ಗೂಗಲ್ ಫೋಟೋಸ್‌ಗೆ ಒಯ್ಯಲು ಒಂದೊಂದನ್ನೇ ಇಳಿಸಿ ಏರಿಸಬೇಕಿಲ್ಲ. ಗೂಗಲ್, ಫೇಸ್‌ಬುಕ್, ಮೈಕ್ರೊಸಾಫ್ಟ್, ಟ್ವಿಟರ್ ಸೇರಿ 2018ರಲ್ಲಿ ಡೇಟಾ ಟ್ರಾನ್ಸ್‌ಫರ್ ಪ್ರಾಜೆಕ್ಟ್ ಎಂಬ ಯೋಜನೆಯನ್ನು ಪ್ರಕಟಿಸಿದವು. ಅದರ ಫಲವಾಗಿ ಫೇಸ್‌ಬುಕ್‌ನ ಸೆಟ್ಟಿಂಗ್ಸ್‌ನಲ್ಲೇ ಫೋಟೊಗಳನ್ನು ನೇರ ಗೂಗಲ್ ಫೋಟೋಸ್‌ಗೆ ಕಳಿಸುವ ಆಯ್ಕೆ ಬಂತು. ಎಷ್ಟು ಜಿಬಿ ಹೋದರೂ ನಿಮ್ಮ ಡೇಟಾ ಪ್ಯಾಕ್ ಕರಗುವುದಿಲ್ಲ. ಗೂಗಲ್ ಟೇಕ್‌ಔಟ್‌ನಲ್ಲೂ ಅಷ್ಟೇ. ನಿಮ್ಮ ಖಾತೆಯ ಸರಕನ್ನು ಮೊಬೈಲಿಗೆ ಇಳಿಸದೆ ಡ್ರಾಪ್‌ಬಾಕ್ಸ್, ಒನ್‌ಡ್ರೈವ್‌ಗೆ ಕಳಿಸಬಹುದು.

ಮೊದಲ ಮೈಲಿಯ ಪ್ರಶ್ನೆ

ಇಷ್ಟು ಓದಿ ಜೋಯಿಡಾಕ್ಕೆ ಟವರ್ ಬೇಕಿಲ್ಲ ಎಂದು ಯಾರೂ ತೀರ್ಮಾನಿಸುವುದು ಬೇಡ.

ನೇರ ಸಾಗಣೆಯಿಂದ ಲಾಭ ಸಿಗುವುದು ಈಗಾಗಲೇ ಯಾವುದೋ ಸರ್ವರ್ ಸೇರಿರುವ ಸರಕಿಗೆ. ಇಲ್ಲಿನ ಸಿದ್ದಿಯರ ಡಮಾಮಿ ಕುಣಿತದ ವಿಡಿಯೊ, ಕುಣಬಿಯರ ಗೆಡ್ಡೆಗಳ ದಾಖಲೆ, ಹೊಸದಾಗಿ ತೆಗೆದ ಹಕ್ಕಿಯ ಚಿತ್ರ ಹುಟ್ಟುವುದು ಕಾಡಿನೂರಿನ ಕ್ಯಾಮೆರಾದಲ್ಲಿ. ಅವು ಮೊದಲ ಸಲ ಊರು ಬಿಡಬೇಕಾದದ್ದು ಸೆಕೆಂಡಿಗೆ ಎರಡು ಮೆಗಾಬಿಟ್‌ನ ಆ ಇಕ್ಕಟ್ಟಿನ ದಾರಿಯಲ್ಲೇ. ಅದಕ್ಕೆ ಆರ್‌ಸಿಂಕ್ ಒಂದಿಷ್ಟು ನೆರವಾದೀತು, ಧಾರವಾಡದ ಬಸ್ಸು ಇನ್ನಷ್ಟು ನೆರವಾದೀತು. ದಾರಿಯನ್ನು ಅಗಲ ಮಾಡುವ ಕೆಲಸ ಎರಡರಿಂದಲೂ ಆಗದು.

ಕೋವಿಡ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಛತ್ರಿ ಹಿಡಿದು ಗುಡ್ಡದ ನೆತ್ತಿಯಲ್ಲಿ ಕೂತು ಪಾಠ ಕೇಳಿದ್ದನ್ನು ನಾಡೇ ನೋಡಿದೆ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ ಫೋರ್‌ಜಿ ಮುಟ್ಟಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ಹೊಣೆ ಬಿಎಸ್‌ಎನ್‌ಎಲ್‌ನದು. ಕಾಡಿನ ನಡುವೆ ಟವರ್‌ಗೆ ಅನುಮತಿ, ಕರೆಂಟ್, ಕೇಬಲ್ ಮೂರೂ ಕೂಡಿಬರಬೇಕು.

ಟವರ್ ಬಂದ ದಿನ ಎಲ್ಲರೂ ಮೊಬೈಲಿನಲ್ಲಿ ನೋಡುವುದು ಡೌನ್‌ಲೋಡ್ ವೇಗವನ್ನೇ. ಸಿನಿಮಾ ನೋಡಲು ಅದು ಸಾಕು. ಹೋಮ್‌ಸ್ಟೇ ನಡೆಸುವವರು, ಆನ್‌ಲೈನ್ ಪಾಠ ಮಾಡುವವರು, ಊರಿನ ಹಾಡು ದಾಖಲಿಸುವವರು ಕೇಳಬೇಕಾದ ಅಂಕಿ ಬೇರೆ. ಗ್ರಾಮಸಭೆಯಲ್ಲಿ ನೆಟ್‌ವರ್ಕ್‌ನ ಮಾತು ಬಂದಾಗ ಅಪ್‌ಲೋಡ್ ಎಷ್ಟು ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಅದು ದಕ್ಕುವವರೆಗೆ, ಸರ್ವರ್ ಸೇರಿದ ಸರಕನ್ನಾದರೂ ಮತ್ತೆ ನಿಮ್ಮ ತಲೆಯ ಮೇಲೆ ಹೊರಬೇಡಿ.